ಅವ್ವನ ಹಾರ್ಟ್ ಹಿಗ್ಗಲಿಲ್ಲ

ಅವ್ವ ರೊಟ್ಟಿ ಬಡಿಯುವಾಗ ನಡುನಡುವೆ ಕೈ ನಿಲ್ಲಿಸೋಕೆ ಶುರು ಮಾಡಿ ವರ್ಷದ ಮೇಲಾಗಿತ್ತು. ನಾವು ಯಾರೂ ಗಮನಿಸಿರಲಿಲ್ಲ. ಮಾಳಿಗೆ ಹತ್ತೋದು ಬಿಟ್ಟಳು, ಒಣಗಿದ ಬಟ್ಟೆ ತರೋಕೆ ನಮ್ಮನ್ನೇ ಕಳಿಸಿದಳು, ಗದಗ ಪೇಟೆಗೆ ಕಾಯಿಪಲ್ಲೆಗೆ ನಡೆದು ಹೋಗುತ್ತಿದ್ದವಳು ಆಟೋ ಹಿಡಿಯತೊಡಗಿದಳು. ಎದಿ ನೋಯ್ತೈತೇನವ್ವಾ ಅಂತ ಕೇಳಿದರೆ "ಇಲ್ಲೋ ತಮ್ಮಾ, ತೇಕು ಹತ್ತತೈತಿ ಅಷ್ಟ" ಅನ್ನುತ್ತಿದ್ದಳು. 68 ವಯಸ್ಸಲ್ವಾ ಅಂತ ಸುಮ್ಮನಾದೆವು.

ಆದರೆ ನಮ್ಮ ಕಾಕಾ ಎದೆ ಹಿಡಿದುಕೊಂಡು ಕುಂತ ದಿನ ಮನೆಗೆ ಮನೆಯೇ ಆಸ್ಪತ್ರೆಗೆ ಓಡಿತ್ತು. ಅವ್ವನಿಗೆ ಆಮೇಲೆ ಗೊತ್ತಾದ ಕಾಯಿಲೆಯೇ ಅವರಿಗೂ. ಹೃದಯದಿಂದ ಇಡೀ ಮೈಗೆ ರಕ್ತ ಹೊರಡುವ ಬಾಗಿಲು, ಅಯೋರ್ಟಿಕ್ ವಾಲ್ವ್, ಗಟ್ಟಿಯಾಗಿ ಕಿರಿದಾಗಿತ್ತು. ಎಕೋದಲ್ಲಿ, ಅಂದರೆ ಹಾರ್ಟಿನ ಸ್ಕ್ಯಾನಿಂಗಿನಲ್ಲಿ, ಹಾರ್ಟ್ ಹಿಗ್ಗಿದ್ದು ಚೆನ್ನಾಗಿ ಕಂಡಿತು, ಬೇಗನೇ ಆಪರೇಶನ್ ಆಯಿತು.

ಅವ್ವನದು ಹಾಗಾಗಲಿಲ್ಲ. ಮೊದಲು ತೋರಿಸಿದ ಕಡೆ ಎಕೋ ಮಾಡಿ, ಪಂಪಿಂಗ್ 65 ಐತಿ, ಹಾರ್ಟ್ ಚಲೋ ಐತಿ, ವಾಲ್ವ್ ಸ್ವಲ್ಪ ಕಿರಿದಾಗೈತಿ, ವರ್ಷ ಬಿಟ್ಟು ಬರ್ರಿ ಅಂದರು. ಆ 65 ಅನ್ನೋ ಅಂಕಿ ಹಿಡಿದುಕೊಂಡು ನಾನು ಬೀಗರಿಗೆಲ್ಲ ಫೋನ್ ಮಾಡಿ, ಅವ್ವನ ಹಾರ್ಟ್ ಗಟ್ಟಿ ಐತಿ ಅಂತ ಹೇಳಿದ್ದೆ. ಈಗ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ತೇಕು ಜಾಸ್ತಿಯಾಗಿ, ರಾತ್ರಿ ಎರಡು ದಿಂಬು ಇಟ್ಟುಕೊಂಡು ಮಲಗೋ ಹಾಗಾದ ಮೇಲೆ ಬೆಳಿಗ್ಗೆ ಬಸ್ಸಿಗೆ ಹುಬ್ಬಳ್ಳಿಗೆ ಹೊರಟೆವು. ಅಲ್ಲಿನ ಡಾಕ್ಟರ್ ಹಳೇ ರಿಪೋರ್ಟನ್ನು ಬಹಳ ಹೊತ್ತು ನೋಡಿದರು. ವಾಲ್ವಿನ ಬಾಯಿ 0.7 ಚದರ ಸೆಂಟಿಮೀಟರ್, ಒಂದಕ್ಕಿಂತ ಕಡಿಮೆ ಇದ್ದರೆ ಅದು ತೀವ್ರ. ಆದರೆ ವಾಲ್ವಿನ ಆಚೀಚಿನ ಒತ್ತಡದ ವ್ಯತ್ಯಾಸ 30 ಮಾತ್ರ. ತೀವ್ರ ಅನ್ನೋಕೆ 40 ಬೇಕು. ಎರಡು ಅಂಕಿ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ, ಮೊದಲಿನವರು ಕಡಿಮೆ ತೋರಿಸಿದ್ದನ್ನೇ ನಂಬಿದ್ದರು.

ಡಾಕ್ಟರ್ ಚೀಟಿಯ ಹಿಂದೆ ಎರಡು ಚಿತ್ರ ಬರೆದರು. ವಾಲ್ವ್ ಕಿರಿದಾದಾಗ ಗಂಡಸರ ಹಾರ್ಟ್ ಹಿಗ್ಗೋದು ಜಾಸ್ತಿ. ಹೆಂಗಸರಲ್ಲಿ ಎಷ್ಟೋ ಸಲ ಅದು ಹಿಗ್ಗೋದಿಲ್ಲ, ಗೋಡೆ ದಪ್ಪವಾಗಿ ಒಳಗಿನ ಜಾಗ ಸಣ್ಣದಾಗುತ್ತದೆ. ಎಲ್ಲರಿಗೂ ಹೀಗೇ ಅಂತಲ್ಲ, ಆದರೆ ಬಹಳ ಕಾಣುತ್ತದಂತೆ. ಹಾಗಾದ್ರ ಈ 65 ಏನ್ರೀ ಸರ್ ಅಂದೆ. ಒಳಗೆ ತುಂಬಿದ ರಕ್ತದಲ್ಲಿ ನೂರಕ್ಕೆ 65 ಭಾಗ ಹೊರಗೆ ಹೋಗುತ್ತದೆ ಅಂತ ಅಷ್ಟೇ ಅದರ ಅರ್ಥ, ತುಂಬೋದೇ ಕಡಿಮೆಯಾದರೆ? ತುಂಬಿದ ಕೊಡದಿಂದ ಅರ್ಧ ನೀರು ಸುರಿದರೂ ಅದು ಚರಗಿಯ ಮುಕ್ಕಾಲಿಗಿಂತ ಜಾಸ್ತಿನೇ ಅಲ್ವಾ? ಅವ್ವನ ಹಾರ್ಟ್ ಚರಗಿಯಾಗಿತ್ತು. ರಕ್ತ ಕಡಿಮೆ ಹೊರಟಿದ್ದಕ್ಕೇ ಒತ್ತಡದ ಅಂಕಿಯೂ ಕಡಿಮೆ ಬಂದಿತ್ತು. ದಪ್ಪನೆಯ ಗೋಡೆ ಸಡಿಲ ಬಿಡದೆ ರಕ್ತ ಹಿಂದೆ ಶ್ವಾಸಕೋಶದಲ್ಲಿ ನಿಲ್ಲುತ್ತಿತ್ತು, ತೇಕು ಅಲ್ಲಿಂದ.

ಖಾತ್ರಿಗೆ ಅಂತ ಸಿಟಿ ಸ್ಕ್ಯಾನ್ ಮಾಡಿಸಿದರು. ವಾಲ್ವಿನ ಮೇಲೆ ಎಷ್ಟು ಕ್ಯಾಲ್ಸಿಯಂ ಕಟ್ಟಿದೆ ಅಂತ ಅದರಲ್ಲಿ ಅಳೆಯುತ್ತಾರೆ. ಅವ್ವನಿಗೆ 1480 ಬಂತು. ಗಂಡಸರಿಗೆ ತೀವ್ರ ಅನ್ನೋಕೆ 2000 ಆಗಬೇಕು, ಹೆಂಗಸರಿಗೆ 1200 ಸಾಕು. ಹೆಂಗಸರ ವಾಲ್ವಿನಲ್ಲಿ ಕ್ಯಾಲ್ಸಿಯಂಗಿಂತ ನಾರಿನಂಥ ಗಟ್ಟಿ ಪದರ ಜಾಸ್ತಿ ಇರುತ್ತದಂತೆ, ಅದಕ್ಕೇ ಕಡಿಮೆ ಕ್ಯಾಲ್ಸಿಯಂ ಇದ್ದರೂ ಬಾಗಿಲು ಅಷ್ಟೇ ಬಿಗಿ. ಗಂಡಸರ ಅಳತೆ ಹಿಡಿದಿದ್ದರೆ ಅವ್ವನನ್ನು ಮತ್ತೆ ಮನೆಗೆ ಕಳಿಸುತ್ತಿದ್ದರು.

"ಅವ್ವಾರ, ನೀವು ಮೊದಲ ಯಾಕ ಬರಲಿಲ್ರಿ?" ಅಂತ ಡಾಕ್ಟರ್ ಕೇಳಿದರು. "ಬಂದಿದ್ನೆಲ್ರೀ, ಚಲೋ ಐತಿ ಅಂದ್ರ" ಅಂದಳು ಅವ್ವ, ತಪ್ಪು ತನ್ನದೇ ಅನ್ನೋ ಹಾಗೆ ಸಣ್ಣ ದನಿಯಲ್ಲಿ. ನನಗೆ ಆ ದನಿ ಇನ್ನೂ ಕಿವಿಯಲ್ಲಿದೆ.

ವಾಲ್ವ್ ಬದಲಿಸಲೇಬೇಕು. ತೊಡೆಯ ರಕ್ತನಾಳದಿಂದ ಹಾಕಬೇಕೋ ಎದೆ ತೆರೆದು ಹಾಕಬೇಕೋ ಅಂತ ಇನ್ನೂ ನೋಡುತ್ತಿದ್ದಾರೆ. ಅವ್ವನ ವಾಲ್ವಿನ ಉಂಗುರವೂ ಸಣ್ಣದು, ಅಳತೆ ಸರಿಯಾಗಿ ಹೊಂದಬೇಕು. ಮುಂದಿನ ಸೋಮವಾರ ಮತ್ತೆ ಹುಬ್ಬಳ್ಳಿಗೆ ಹೋಗಬೇಕು. ಅಲ್ಲಿಯವರೆಗೆ ಆಕೆ ಎಲ್ಲಿಗೆ ಎದ್ದರೂ ನಾನು ಹಿಂದೆ ಹೋಗುತ್ತೇನೆ. ನಿನ್ನೆ ದೇವಸ್ಥಾನದ ಆರನೇ ಮೆಟ್ಟಿಲಿಗೆ ನಿಂತಳು.