ಕಲೆ ಕಂಡಲ್ಲೇ ಲೀಕ್ ಇರುತ್ತೆ ಅಂದ್ಕೊಂಡಿದ್ದೆ

ಮೋಟರ್‌ಹೋಮ್ (ಒಳಗೇ ಮಲಗೋಕೆ, ಅಡುಗೆ ಮಾಡೋಕೆ ಜಾಗ ಇರೋ, ಮನೆ ಥರದ ಗಾಡಿ) ರಿಪೇರಿ ಕೆಲ್ಸಕ್ಕೆ ಸೇರಿದ ಹೊಸದರಲ್ಲಿ ಒಂದು ಗಾಡಿ ಬಂತು, ಹಾಸಿಗೆ ಪಕ್ಕದ ಮೂಲೇಲಿ ಗೋಡೆ ಉಬ್ಬಿತ್ತು, ಬಾಗಿಲು ತೆಗೆದ್ರೆ ಮುಗ್ಗಲು ವಾಸನೆ. ಮೇಲ್ಗಡೆನೇ ಕಿಟಕಿ, ಅದರ ರಬ್ಬರ್ ಬೇರೆ ಬಿರುಕು ಬಿಟ್ಟಿತ್ತು, ಇನ್ನೇನು ಬೇಕು ಅಂತ ಸುತ್ತಲೂ ಸಿಲಿಕಾನ್ ಹೊಡೆದು ಕಳಿಸ್ಬಿಟ್ಟೆ.

ಒಂದು ಜೋರು ಮಳೆ ಆದ್ಮೇಲೆ ಅದೇ ಗಾಡಿ ವಾಪಸ್, ಈಗ ಹಾಸಿಗೇನೂ ಒದ್ದೆ. ನಮ್ಮ ಹಿರಿಯ ಮೆಕ್ಯಾನಿಕ್ ಕಿಟಕಿ ಕಡೆ ನೋಡ್ಲೇ ಇಲ್ಲ, ಸೀದಾ ಏಣಿ ಹಾಕಿ ಮೇಲೆ ಹೋದ್ರು. ಮುಂಭಾಗದ ಮಾರ್ಕರ್ ಲೈಟ್ (ಗಾಡಿಯ ಅಂಚು ತೋರಿಸೋ ಸಣ್ಣ ದೀಪ) ಬಿಚ್ಚಿದ್ರೆ ಸ್ಕ್ರೂ ತುಕ್ಕು ಹಿಡಿದು ಸವೆದುಹೋಗಿತ್ತು, ಕೆಳಗಿನ ಮರ ಕಪ್ಪಗಾಗಿತ್ತು, ಸ್ಕ್ರೂಡ್ರೈವರ್ ಇಟ್ರೆ ನೆಂದ ರಟ್ಟಿಗೆ ಚುಚ್ಚಿದ ಹಾಗೆ ಒಳಗೆ ಹೋಯ್ತು. ನೀರು ಅಲ್ಲಿಂದ ನುಗ್ಗಿ ಗೋಡೆಯೊಳಗಿನ ಮರದ ಫ್ರೇಮ್ ಹಿಡ್ಕೊಂಡು ಅಷ್ಟುದ್ದ ಹರಿದು ಕಿಟಕಿ ಹತ್ರ ಇಳೀತಿತ್ತು. ಕಿಟಕಿ ಕೆಳಗಿನ ಸಂದಿಯಿಂದ ಒಂದಿಷ್ಟು ನೀರು ಹೊರಗಾದ್ರೂ ಹೋಗ್ತಿತ್ತು, ಆ ದಾರೀನೂ ನಾನೇ ಮುಚ್ಚಿದ್ದೆ. ಇವತ್ತಿಗೂ ಅದು ನೆನಪಾದ್ರೆ ಬೇಜಾರಾಗುತ್ತೆ.

ಆಮೇಲಿಂದ ಮೊದಲು ನೋಡೋದು ಇದು ಮಳೆ ನೀರೋ ಟ್ಯಾಂಕ್ ನೀರೋ ಅಂತ. ನಲ್ಲಿ ಎಲ್ಲಾ ಬಂದ್ ಮಾಡಿ ಪಂಪ್ ಆನ್ ಇಟ್ಟು ಸುಮ್ನೆ ಕೂರ್ತೀನಿ, ಯಾರೂ ನೀರು ಬಿಡದೇನೇ ಪಂಪ್ ಆಗಾಗ ಗುರ್ ಅಂದ್ರೆ ಪೈಪ್ ಜಾಯಿಂಟಲ್ಲಿ ಎಲ್ಲೋ ಸೋರ್ತಿದೆ, ಇಲ್ಲಾ ಪಂಪಿನ ಒಳಗಿನ ವಾಲ್ವ್ ಹೋಗಿದೆ. ಒಂದೊಂದು ಜಾಯಿಂಟಿಗೂ ಒಣ ಟಿಶ್ಯೂ ಪೇಪರ್ ಒತ್ತಿ ನೋಡಿ, ಕೈಗೆ ಗೊತ್ತಾಗದ ತೇವ ಅದಕ್ಕೆ ಗೊತ್ತಾಗುತ್ತೆ. ಸಿಂಕ್ ಡ್ರೈನ್ ಸೋರಿದ್ರೆ ಮಾತ್ರ ಪಂಪ್ ಏನೂ ಹೇಳಲ್ಲ, ಅದಕ್ಕೆ ಸಿಂಕ್ ತುಂಬಿಸಿ ಒಮ್ಮೆಲೇ ಬಿಟ್ಟು ಕೆಳಗೆ ಟಾರ್ಚ್ ಹಾಕ್ಬೇಕು.

ಮಳೆ ನೀರೇ ಅಂತಾದ್ರೆ ಮಾಯಿಶ್ಚರ್ ಮೀಟರ್, ಅಂದ್ರೆ ಮರದಲ್ಲಿ ಎಷ್ಟು ತೇವ ಇದೆ ಅಂತ ತೋರಿಸೋ ಸಾಧನ. ಗೋಡೆ ಮೇಲೆ ಅಡಿಗೊಂದು ಮಾಸ್ಕಿಂಗ್ ಟೇಪ್ ಅಂಟಿಸಿ ರೀಡಿಂಗ್ ಬರೀತಾ ಹೋಗ್ತೀನಿ, 15% ಒಳಗಿದ್ರೆ ಪರವಾಗಿಲ್ಲ, 20 ದಾಟಿದ್ರೆ ಅನುಮಾನ, 30ರ ಮೇಲೆ ಅಂದ್ರೆ ಮರ ಕೆಟ್ಟಿರಬಹುದು ಅಂತಲೇ ಬಿಚ್ತೀನಿ. ತೇವದ ಗೆರೆ ಮೇಲಕ್ಕೆ ಎಲ್ಲಿವರೆಗೆ ಹೋಗಿದೆ ಅಂತ ಹಿಂಬಾಲಿಸಿದ್ರೆ ಹುಡುಕೋ ಜಾಗ ಸಣ್ಣದಾಗುತ್ತೆ. ಆಮೇಲೆ ಪೈಪಲ್ಲಿ ನೀರು ಬಿಡೋದು, ಅದೂ ಕೆಳಗಿಂದ ಮೇಲಕ್ಕೆ, ಒಂದೊಂದು ಜಾಗಕ್ಕೂ ಹತ್ತತ್ತು ನಿಮಿಷ. ಮೇಲಿಂದ ಶುರು ಮಾಡಿದ್ರೆ ನೀರು ಎಲ್ಲಾ ಕಡೆ ಇಳಿದು ಯಾವ ಸಂದಿ ಅಂತ ತಿಳಿಯಲ್ಲ.

ದಯವಿಟ್ಟು ಹಳೇ ಸೀಲಂಟ್ (ಸಂದಿ ಮುಚ್ಚೋ ಅಂಟು) ಮೇಲೆ ಹೊಸದು ಬಳೀಬೇಡಿ. ಪೂರ್ತಿ ಕೆರೆದು ತೆಗೀರಿ, ಸಿಲಿಕಾನ್ ಚೂರು ಉಳಿದ್ರೂ ಮೇಲೆ ಬೇರೇನೂ ಸರಿಯಾಗಿ ಹಿಡಿಯಲ್ಲ. ಲೈಟ್, ಕಿಟಕಿ ಅಡಿ ಬ್ಯೂಟೈಲ್ ಟೇಪ್ (ನೀರು ತಡೆಯೋ ಮೆತ್ತನೆ ಅಂಟು ಪಟ್ಟಿ) ಇಟ್ಟು ಸ್ಕ್ರೂ ಒಂದೇ ಸಲ ಬಿಗೀಬೇಡಿ, ಟೇಪ್ ನಿಧಾನಕ್ಕೆ ಅಮುಕಿಕೊಳ್ಳುತ್ತೆ, ಮಾರನೇ ದಿನ ಇನ್ನೊಂದು ಸುತ್ತು ಬಿಗಿದು ಹೊರಗೆ ಬಂದಿದ್ದನ್ನ ಕತ್ತರಿಸಿ.

ಆ ಗಾಡಿಯ ಕೊಳೆತ ಮರ ಬದಲಾಯಿಸಿ ಪ್ಯಾನೆಲ್ ಮುಚ್ಚದೆ ಹಾಗೇ ಬಿಟ್ವಿ, ಗಾಳಿಯ ತೇವ ಹೀರೋ ಡಿಹ್ಯುಮಿಡಿಫೈಯರ್ ಮೆಷಿನ್ ಹಗಲು ರಾತ್ರಿ ಓಡ್ತಿತ್ತು. ಮಾಲೀಕರಿಗೆ ಆತುರ ಇತ್ತು, ನಾನೇ ಫೋನ್ ಮಾಡಿ ಇನ್ನೂ ಒಣಗಿಲ್ಲ ಸರ್ ಅಂತ ಹೇಳ್ತಾ ಬಂದೆ. ಮೂರನೇ ವಾರ ಮೀಟರ್ 14 ತೋರಿಸ್ತು, ಅವತ್ತು ಮುಚ್ಚಿದ್ವಿ.