ಹಸು ಬದುಕಿದೆಯಾ ಡಾಕ್ಟ್ರೇ?

ಭರಮಸಾಗರದ ಹತ್ತಿರ ಒಂದು ಹಳ್ಳಿ. ಏಪ್ರಿಲ್ ತಿಂಗಳು. ಬೆಳಗ್ಗೆ ಹತ್ತಕ್ಕೇ ಕೊಟ್ಟಿಗೆಯ ತಗಡು ಕಾದು ಹಂಚಾಗಿತ್ತು. ಎಚ್‌ಎಫ್ ಕ್ರಾಸ್ ಹಸು ಎರಡು ದಿನದಿಂದ ಮೇವು ಮುಟ್ಟಿರಲಿಲ್ಲ. ಜ್ವರ 105 ಡಿಗ್ರಿ. ಭುಜದ ಮುಂದೆ ಗಂಟು ಊದಿತ್ತು, ಕಿವಿಯೊಳಗೆ ಉಣ್ಣೆ ಕಚ್ಚಿಕೊಂಡಿದ್ದವು. ಥೈಲೇರಿಯಾ, ಅಂದ್ರೆ ಉಣ್ಣೆಯಿಂದ ಹರಡೋ ರಕ್ತದ ಕಾಯಿಲೆ, ಇರಬೇಕು ಅನ್ನಿಸಿತು. ಅದಕ್ಕೆ ಇಂಜೆಕ್ಷನ್ ಕೊಟ್ಟೇಬಿಡೋಣ, ಆದರೆ ಮೊದಲು ರಕ್ತ ತೆಗೆದು ದಾವಣಗೆರೆ ಲ್ಯಾಬಿಗೆ ಕಳಿಸೋಣ ಅಂದುಕೊಂಡೆ. ನಾನು ಡಾಕ್ಟ್ರಾಗಿ ಆಗಿನ್ನೂ ಆರು ತಿಂಗಳು.

ಡಬ್ಬಿ ತೆರೆದ ಕೂಡಲೇ ಮನೆಯ ಅಜ್ಜಿ ಬಗ್ಗಿ ನೋಡಿದರು. ನೇರಳೆ, ಕೆಂಪು, ಹಸಿರು, ಬೂದು, ತಿಳಿನೀಲಿ ಮುಚ್ಚಳದ ಟ್ಯೂಬುಗಳು.

"ಇದೇನಪ್ಪ, ಬಳೆಗಾರನ ಪೆಟ್ಟಿಗೆ ಇದ್ದಂಗೈತಲ್ಲ!"

ಕೇಳಿದ್ದೇ ಸಾಕು, ಸ್ವಲ್ಪ ಜಂಬದಿಂದಲೇ ಪಾಠ ಶುರು ಮಾಡಿದೆ. ನೇರಳೆಯದರಲ್ಲಿ ಇಡಿಟಿಎ ಅಂತ ಮದ್ದಿರುತ್ತೆ, ರಕ್ತ ಹೆಪ್ಪುಗಟ್ಟಲ್ಲ, ಕಣ ಎಣಿಸೋಕೆ, ಸ್ಮಿಯರ್ ಅಂದ್ರೆ ಗಾಜಿನ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡೋಕೆ ಅದು. ಕೆಂಪಿನದರಲ್ಲಿ ಬೇಕಂತಲೇ ಹೆಪ್ಪುಗಟ್ಟಲು ಬಿಡ್ತೀವಿ, ಆಮೇಲೆ ಮಿಷನ್ನಿನಲ್ಲಿ ಗಿರಗಿರ ತಿರುಗಿಸಿದರೆ ಮೇಲೆ ನಿಲ್ಲೋ ಹೊಂಬಣ್ಣದ ತಿಳಿಯಲ್ಲಿ ಕ್ಯಾಲ್ಸಿಯಂ, ಲಿವರ್ ಎಲ್ಲ ನೋಡೋದು. ಬೂದು ಸಕ್ಕರೆಗೆ. ರಕ್ತಕಣಗಳು ಟ್ಯೂಬಿನೊಳಗೂ ಸಕ್ಕರೆ ತಿಂತಾನೇ ಇರ್ತವೆ, ಅದರಲ್ಲಿರೋ ಫ್ಲೋರೈಡ್ ಅದನ್ನು ನಿಲ್ಲಿಸುತ್ತೆ. ಅಷ್ಟರಲ್ಲಿ ಅಜ್ಜಿಗೆ ಸಾಕಾಗಿತ್ತು. "ಹೂಂ" ಅಂದು ಮೂಗುದಾರ ಹಿಡಿದುಕೊಂಡರು.

ಬಾಲ ಮೇಲೆತ್ತಿ, ಬುಡದ ಕೆಳಗೆ ನಡುವಿನ ಗೆರೆಯಲ್ಲಿ ಸೂಜಿ ನೆಟ್ಟಗೆ ಚುಚ್ಚಿದೆ. ನೇರಳೆ ಟ್ಯೂಬ್ ಸಲೀಸಾಗಿ ತುಂಬಿತು. ಗೆರೆಗಿಂತ ಸ್ವಲ್ಪ ಜಾಸ್ತಿಯೇ. ಕೆಂಪಿನದನ್ನು ಸಿಕ್ಕಿಸಿ ಅರ್ಧ ಆಗಿತ್ತು ನೋಡಿ, ಹಸು ಸೆಗಣಿ ಹಾಕಿ ಜಾಡಿಸಿ ಒದೆಯಿತು. ಸೂಜಿ ಎಲ್ಲೋ, ನಾನು ಎಲ್ಲೋ. ಮತ್ತೆ ಚುಚ್ಚೋಕೆ ಧೈರ್ಯ ಬರಲಿಲ್ಲ. ನೇರಳೆಯ ಮುಚ್ಚಳ ತೆಗೆದು ಒಂದಿಷ್ಟು ರಕ್ತವನ್ನು ಕೆಂಪಿಗೆ ಬಗ್ಗಿಸಿದೆ. ಒಂದೇ ಹಸುವಿನ ಒಂದೇ ರಕ್ತ ಅಲ್ವಾ?

ಮಾರನೇ ದಿನ ಮಧ್ಯಾಹ್ನ ಲ್ಯಾಬಿನಿಂದ ಫೋನ್ ಬಂತು.

"ಡಾಕ್ಟ್ರೇ, ಹಸು ಬದುಕಿದೆಯಾ?"

"ಇದೆಯಲ್ಲ. ಬೆಳಗ್ಗೆ ಎರಡು ಹಿಡಿ ಜೋಳದ ದಂಟು ತಿಂದಿದೆಯಂತೆ."

"ಕ್ಯಾಲ್ಸಿಯಂ ಮೂರರ ಒಳಗಿದೆ, ಪೊಟ್ಯಾಸಿಯಂ ಹದಿನೈದು ದಾಟಿದೆ. ಈ ರಿಪೋರ್ಟ್ ಇರೋ ಹಸು ದಂಟು ತಿನ್ನಲ್ಲ, ಮಣ್ಣಿಗೆ ಹೋಗಿರ್ತದೆ. ನೇರಳೆಯಿಂದ ಕೆಂಪಿಗೆ ಬಗ್ಗಿಸಿದ್ರಾ?"

ನಾನು ಸುಮ್ಮನಾದೆ. ಆತನಿಗೆ ಅಷ್ಟು ಸಾಕಾಯ್ತು.

ರಕ್ತ ಹೆಪ್ಪುಗಟ್ಟೋಕೆ ಕ್ಯಾಲ್ಸಿಯಂ ಬೇಕೇ ಬೇಕು. ಇಡಿಟಿಎ ಅದನ್ನೇ ಹಿಡಿದು ಕಟ್ಟಿಹಾಕುತ್ತೆ, ಅದಕ್ಕೇ ನೇರಳೆ ಟ್ಯೂಬಿನ ರಕ್ತ ನೀರಾಗಿಯೇ ಉಳಿಯೋದು. ಮೇಲಾಗಿ ಒಳಗೆ ಹಚ್ಚಿರೋದು ಇಡಿಟಿಎಯ ಪೊಟ್ಯಾಸಿಯಂ ಉಪ್ಪು. ಹಾಗಾಗಿ ಒಂದು ಪಾತಾಳಕ್ಕೆ, ಇನ್ನೊಂದು ಆಕಾಶಕ್ಕೆ. ಹಸುವಿನ ಕ್ಯಾಲ್ಸಿಯಂ ಒಂಬತ್ತರ ಆಸುಪಾಸು, ಪೊಟ್ಯಾಸಿಯಂ ನಾಲ್ಕೈದು ಇರೋದು ಮಾಮೂಲು. ಇದೆಲ್ಲ ನಾನು ಓದಿದ್ದೇ. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ಕೂಡ ತಗೊಂಡಿದ್ದೆ! ಆದರೆ ಟ್ಯೂಬಿನ ಗೋಡೆಗೆ ಹಚ್ಚಿರೋ ಆ ಮದ್ದು ಕಣ್ಣಿಗೆ ಕಾಣಲ್ಲ ನೋಡಿ. ಖಾಲಿ ಬಾಟ್ಲಿ ಅಂತಲೇ ಕೈ ಅಂದುಕೊಳ್ಳುತ್ತೆ.

"ನೇರಳೆಯದು ಚೆನ್ನಾಗಿದೆ ಬಿಡಿ," ಅಂದ ಆತ. "ಸ್ಮಿಯರ್‌ನಲ್ಲಿ ಥೈಲೇರಿಯಾ ಸಿಕ್ತು. ಕೆಂಪಿನದು ಮಾತ್ರ ಹೊಸದಾಗಿ ಕಳಿಸಿ. ಹೆಪ್ಪುಗಟ್ಟೋ ಮೊದಲೇ ಬೈಕಿನಲ್ಲಿ ಕುಲುಕಿಸಬೇಡಿ, ಐಸ್‌ಗೆ ತಾಗಿಸಿಯೂ ಇಡಬೇಡಿ. ಕಣ ಒಡೆದು ತಿಳಿಯೆಲ್ಲ ಕೆಂಪಗಾಗ್ತದೆ."

ಮತ್ತೆ ಅದೇ ಕೊಟ್ಟಿಗೆ. ಹಸುವಿನ ಜ್ವರ ಇಳಿದಿತ್ತು. ಅಜ್ಜಿ ನನ್ನನ್ನೂ ಡಬ್ಬಿಯನ್ನೂ ನೋಡಿದರು.

"ಮತ್ತೆ ರಕ್ತ ಯಾಕಪ್ಪ? ನಿನ್ನೆ ತಗಂಡಿದ್ದು ಏನಾತು?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. "ಒಂದರಲ್ಲಿದ್ದದ್ದು ಇನ್ನೊಂದಕ್ಕೆ ಬಗ್ಗಿಸಿ ಕೆಡಿಸಿದೆ ಅಜ್ಜಿ," ಅಂದೆ.

"ಮಜ್ಜಿಗೆ ಗಡಿಗೆ ತೊಳೀದೆ ಹಾಲು ಹುಯ್ದಂಗೆ," ಅಂದರು ಅಜ್ಜಿ. ಬೈಗುಳವೂ ಇಲ್ಲ, ನಗುವೂ ಇಲ್ಲ. ಸೊಸೆಗೆ ದಿನಾ ಹೇಳೋ ಮಾತಿರಬೇಕು.

ಈ ಸಲ ಕೆಂಪಿನದನ್ನು ಮೊದಲು ತುಂಬಿಸಿದೆ. ಅಜ್ಜಿ ಮೂಗುದಾರದ ಜೊತೆಗೆ ಹಿಂಗಾಲಿಗೂ ಹಗ್ಗ ಹಾಕಿಸಿದ್ದರು. ಟ್ಯೂಬನ್ನು ಕೊಟ್ಟಿಗೆಯ ಗೂಡಿನಲ್ಲಿ ನೆಟ್ಟಗೆ ನಿಲ್ಲಿಸಿ, ಹೆಪ್ಪಾಗಲಿ ಅಂತ ಅರ್ಧ ಗಂಟೆ ಕಲ್ಲಿನ ಮೇಲೆ ಕೂತೆ. ಕುಡಿಯೋಕೆ ಮಜ್ಜಿಗೆ ಕೊಟ್ಟರು.