ಪಂಪಿನಕೆರೆಯ ಕರಗ, ನೇಪಲ್ಸಿನ ದೊರೆ

ಮಡಿಕೇರಿ ದಸರಾ ಅಂದರೆ ಎಲ್ಲರೂ ಹೋಗುವುದು ವಿಜಯದಶಮಿಯ ರಾತ್ರಿಗೆ, ದಶಮಂಟಪ ನೋಡಲು. ನಾವು ಹೊರಟಿದ್ದು ನವರಾತ್ರಿಯ ಮೊದಲ ದಿನಕ್ಕೆ, ಕರಗಗಳು ಹೊರಡುವ ಸಂಜೆಗೆ. ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರದಲ್ಲಿ ಊಟ ಮುಗಿಸಿ ಆನೆಕಾಡು ಹಾಯುವಷ್ಟರಲ್ಲಿ ಮಳೆ ಹಿಡಿಯಿತು. ಉಳಿಯುವ ಏರ್ಪಾಡು ಸುಂಟಿಕೊಪ್ಪದ ಆಚೆ, ನನ್ನ ಹೆಂಡತಿಯ ಸಹೋದ್ಯೋಗಿಯ ತವರಿನ ತೋಟದ ಬಂಗಲೆಯಲ್ಲಿ.

ಬಂಗಲೆಯ ನಡುವಿನ ಓಣಿಯಂಥ ಜಾಗದಲ್ಲಿ ಸಾಲಾಗಿ ತೂಗಿದ್ದ ಕಪ್ಪುಬಿಳುಪು ಚಿತ್ರಗಳು ಬೇಟೆಯವೋ ಕುದುರೆಗಳವೋ ಇರಬೇಕು ಅಂದುಕೊಂಡೆ. ನೋಡಿದರೆ ಎಲ್ಲದರಲ್ಲೂ ಆಸ್ಪತ್ರೆ, ಎಲ್ಲದರಲ್ಲೂ ಮಂಚ, ಮಂಚದ ಪಕ್ಕದಲ್ಲಿ ಒಬ್ಬ ರಾಜನೋ ರಾಣಿಯೋ. “ಹಳೇ ಬಿಳಿ ದೊರೆ ತೋಟ ಮಾರಿ ಹೋಗುವಾಗ ಬಿಟ್ಟುಹೋದದ್ದು, ನಮ್ಮ ಅಜ್ಜ ಹಾಗೇ ಇಟ್ಕೊಂಡ್ರು” ಎಂದರು ಮನೆಯ ಯಜಮಾನರು. ಕೊಡಗಿನ ಮಳೆಗಾಲಕ್ಕೆ ಕಾಗದ ಉಳಿಯುವುದೇ ದೊಡ್ಡದು; ಅಂಚಿನಲ್ಲೆಲ್ಲ ಕಂದು ಚುಕ್ಕೆ, ಒಂದರ ಗಾಜಿನೊಳಗೆ ಬೂಷ್ಟು.

ಮೊದಲನೆಯದನ್ನು ಯಾರಾದರೂ ಗುರುತಿಸಬಹುದು. ಫ್ರೆಂಚ್ ಚಿತ್ರಕಾರ ಗ್ರೋ 1804ರಲ್ಲಿ ಬರೆದ, ಈಗ ಲೂವ್ರ್‌ನಲ್ಲಿರುವ ಬೃಹತ್ ಚಿತ್ರದ ಮುದ್ರಿತ ಪ್ರತಿ: 1799ರ ಮಾರ್ಚಿನಲ್ಲಿ ಪ್ಯಾಲೆಸ್ಟೈನಿನ ಜಾಫಾದ ಪ್ಲೇಗ್ ರೋಗಿಗಳ ನಡುವೆ ನೆಪೋಲಿಯನ್ ಬೋನಪಾರ್ಟ್. ಕೈಗವಸು ಕಳಚಿದ ಬರಿಗೈಯಲ್ಲಿ ಸಿಪಾಯಿಯ ಕಂಕುಳ ಗಡ್ಡೆ ಮುಟ್ಟುತ್ತಿದ್ದಾನೆ. ಹಿಂದಿರುವ ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದಿದ್ದಾನೆ. ಆ ಮುಟ್ಟುವಿಕೆ ಬರೀ ಧೈರ್ಯದ್ದಲ್ಲ. ಫ್ರಾನ್ಸ್, ಇಂಗ್ಲೆಂಡುಗಳಲ್ಲಿ ಅಭಿಷಿಕ್ತ ರಾಜ ಮುಟ್ಟಿದರೆ ಗಂಡಮಾಲೆ, ಅಂದರೆ ಕುತ್ತಿಗೆಯಲ್ಲಿ ಗಡ್ಡೆ ಏಳುವ ರೋಗ, ವಾಸಿಯಾಗುತ್ತದೆಂದು ಶತಮಾನಗಳ ಕಾಲ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಇನ್ನೂ ಕಿರೀಟವಿಲ್ಲದ ಸೇನಾಪತಿಗೆ ಚಿತ್ರಕಾರ ಆ ರಾಜರ ಕೈಯನ್ನೇ ಕೊಟ್ಟ. ಚಿತ್ರ ಜನರ ಮುಂದೆ ಬಂದ ವರ್ಷವೇ ಅವನು ಚಕ್ರವರ್ತಿಯೂ ಆದ. ಹಿಮ್ಮೆಟ್ಟುವಾಗ ಅದೇ ಜಾಫಾದ ರೋಗಿಗಳಿಗೆ ಅಫೀಮು ಕೊಟ್ಟು ಮುಗಿಸಲು ಹೇಳಿದನೆಂಬ ಆಪಾದನೆ ಯುರೋಪಿನಲ್ಲೆಲ್ಲ ಓಡಾಡುತ್ತಿತ್ತು. ಚಿತ್ರ ಬೇಕಾದದ್ದು ಆ ಆಪಾದನೆ ತೊಳೆಯುವುದಕ್ಕೂ ಸೇರಿಯೇ.

ಎರಡನೆಯದರಲ್ಲಿ ಫ್ರಾನ್ಸಿನ ಮಹಾರಾಣಿ ಯೂಜೆನಿ, 1866ರ ಕಾಲರಾದಲ್ಲಿ ಅಮಿಯಾಂ ಊರಿನ ಆಸ್ಪತ್ರೆಯಲ್ಲಿ. ಉಡುಪಿನ ನೆರಿಗೆಗಳನ್ನು ಕೆತ್ತಿದವನಿಗೆ ರೋಗಿಯ ಮುಖದ ಹೊತ್ತಿಗೆ ಆಸಕ್ತಿ ಮುಗಿದಿದೆ. ಅಷ್ಟು ಸಾಕು ಅದರ ಬಗ್ಗೆ.

ನಾನು ಹೆಚ್ಚು ಹೊತ್ತು ನಿಂತದ್ದು ಮೂರನೆಯದರ ಎದುರು. 1884ರ ಸೆಪ್ಟೆಂಬರ್, ನೇಪಲ್ಸಿನಲ್ಲಿ ಕಾಲರಾ, ರೋಗಿಗಳನ್ನು ನೋಡಲು ಬಂದ ಇಟಲಿಯ ದೊರೆ ಉಂಬೆರ್ಟೊ. ದೊಡ್ಡ ಮೀಸೆ, ಬಾಗಿದ ಬೆನ್ನು. ಯಜಮಾನರು ಒಳಗಿನಿಂದ ಭೂತಗನ್ನಡಿ ತಂದು ಕೈಗಿಟ್ಟು, “ಇಲ್ಲಿ ನೋಡಿ” ಎಂದು ಬೆರಳು ತೋರಿಸಿದರು. ರಾಜನ ಕೈಗೂ ಹಾಸಿಗೆಗೂ ನಡುವೆ ಮೇಲಿಂದ ಕೆಳಕ್ಕೆ ಕೂದಲೆಳೆಯಂಥ ಬಿಳಿ ಗೆರೆ. ಹರಿದದ್ದಲ್ಲ, ಚಿತ್ರ ಕೆತ್ತಿದ ಮರದ ಅಚ್ಚಿನ ಜೋಡಣೆಯ ಗುರುತು. ಆಗಿನ ಸುದ್ದಿಪತ್ರಿಕೆಗಳಿಗೆ ಇಂಥ ಚಿತ್ರಗಳನ್ನು ಕೆತ್ತುತ್ತಿದ್ದ ಬಾಕ್ಸ್‌ವುಡ್ ಮರದ ಕಾಂಡ ದಪ್ಪ ಬೆಳೆಯುವುದಿಲ್ಲ. ಪುಟದಗಲದ ಚಿತ್ರ ಬೇಕೆಂದರೆ ಸಣ್ಣ ತುಂಡುಗಳನ್ನು ಹಿಂದಿನಿಂದ ಬೋಲ್ಟ್ ಹಾಕಿ ಜೋಡಿಸಬೇಕು. ಸುದ್ದಿ ಹಳಸುವ ಮೊದಲೇ ಅಚ್ಚಾಗಬೇಕಲ್ಲ, ಅದಕ್ಕೆ ತುಂಡುಗಳನ್ನು ಬಿಡಿಸಿ ಒಬ್ಬೊಬ್ಬನಿಗೆ ಒಂದೊಂದು ಹಂಚುತ್ತಿದ್ದರು: ಮುಖ ಪಳಗಿದವನಿಗೆ, ಗೋಡೆ, ನೆಲ, ಕಂಬಳಿ ಉಳಿದವರಿಗೆ. ಹೀಗೆ ರಾಜನನ್ನು ಕೆತ್ತಿದವನು ಒಬ್ಬ, ರೋಗಿಯನ್ನು ಕೆತ್ತಿದವನು ಇನ್ನೊಬ್ಬ ಇದ್ದಿರಬಹುದು.

ಉಂಬೆರ್ಟೊನ ವಿಷಯದಲ್ಲಿ ನನಗೆ ಸ್ವಲ್ಪ ಮೆತ್ತಗಿನ ಅಭಿಪ್ರಾಯವಿದೆ. ಆ ಭೇಟಿಯ ಬೆನ್ನಿಗೇ, 1885ರಲ್ಲಿ, ನೇಪಲ್ಸಿನ ಕೊಳಕು ಕೇರಿಗಳನ್ನು ಒಡೆದು ಚರಂಡಿ, ನೀರು ಸರಿಪಡಿಸುವ ಕಾನೂನು ಬಂತು. ಕಾಲರಾ ಹರಡುವುದು ಕೊಳಕು ನೀರಿನಿಂದ. ದೊರೆ ಮಂಚದ ಪಕ್ಕ ನಿಂತರೆ ಅದು ನಿಲ್ಲುವುದಿಲ್ಲ. ಚರಂಡಿ ತೋಡಿದವರ ಚಿತ್ರಕ್ಕೆ ಚೌಕಟ್ಟು ಹಾಕಿಸಿ ತೋಟದ ಬಂಗಲೆಯವರೆಗೆ ತಂದವರು ಮಾತ್ರ ಯಾರೂ ಇಲ್ಲ.

ಸಂಜೆ ಮಡಿಕೇರಿಗೆ ಹೋದೆವು. ಪಂಪಿನಕೆರೆಯ ಬಳಿ ಆಗಲೇ ಜನ ಸೇರಿದ್ದರು, ಮಳೆ ಹನಿಯುತ್ತಿದ್ದರೂ ಕೊಡೆ ಬಿಚ್ಚಲು ಜಾಗವಿಲ್ಲ. ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ: ನಾಲ್ಕು ಗುಡಿಗಳ ನಾಲ್ಕು ಕರಗ. ಇದರ ಹಿಂದಿನ ಕತೆ ಊರಲ್ಲಿ ಎಲ್ಲರ ಬಾಯಲ್ಲೂ ಇದೆ. ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದಲ್ಲಿ ಊರಿಗೆ ಸಾಂಕ್ರಾಮಿಕ ರೋಗ ಬಡಿದು ಜನ ತತ್ತರಿಸಿದಾಗ ಅರಸ ಮಾರಿಯಮ್ಮನ ಹಬ್ಬ ಮಾಡಿಸಿದನಂತೆ, ಅಂದಿನಿಂದ ಕರಗ ಊರು ಸುತ್ತುತ್ತಿದೆಯಂತೆ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರನ್ನು ಯಾವ ಅರಸ ಎಂದು ಕೇಳಿದೆ. “ಅದೆಲ್ಲ ಯಾರಿಗೆ ಗೊತ್ತು ಮಾರಾಯ್ರೆ. ನಾಳೆಯಿಂದ ನಮ್ಮ ಬೀದಿಗೆ ಬರ್ತದೆ, ಅಷ್ಟು ಗೊತ್ತುಂಟು” ಎಂದರು.

ಕತೆಯ ಅರಸ ರೋಗಿಯ ಮನೆಗೆ ಹೋಗಲಿಲ್ಲ, ಯಾರನ್ನೂ ಮುಟ್ಟಲಿಲ್ಲ. ತನ್ನ ಬದಲು ದೇವಿಯನ್ನು ಮನೆಮನೆಗೆ ಕಳಿಸಿದ. ಕರಗ ಬರುವ ಬೀದಿಯಲ್ಲಿ ಮನೆಯವರೇ ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿ ಇಡುತ್ತಾರೆ. ಅದರಿಂದ ಯಾವ ರೋಗವೂ ಹೋಗಿರಲಿಕ್ಕಿಲ್ಲ. ಆದರೆ ಇಲ್ಲಿ ರೋಗಿಯೂ ಅವನ ಮನೆಯವರೂ ಯಾರದೋ ಕರುಣೆಗೆ ಹಿನ್ನೆಲೆಯಾಗಿ ಮಲಗಬೇಕಿಲ್ಲ. ನನ್ನ ಮನಸ್ಸು ಗೆದ್ದದ್ದು ಅದು.

ರಾತ್ರಿ ಕಡಂಬುಟ್ಟು, ಪಂದಿಕರಿಯ ಊಟವಾದ ಮೇಲೆ ಯಜಮಾನರಿಗೆ ಮೊಬೈಲಿನಲ್ಲಿ ಇನ್ನೊಂದು ಚಿತ್ರ ತೋರಿಸಿದೆ. ಮುದ್ರಣದ್ದಲ್ಲ, ತೈಲಚಿತ್ರ, ನೇಪಲ್ಸಿನದಲ್ಲ, ನಮ್ಮ ಪಕ್ಕದ ಮೈಸೂರಿನದು. 1805ರ ಸುಮಾರಿಗೆ ಐರ್ಲೆಂಡಿನ ಥಾಮಸ್ ಹಿಕಿ ಬರೆದದ್ದು, ಮೂವರು ಹೆಂಗಸರು ನಿಂತಿದ್ದಾರೆ. ಬಹುಕಾಲ ಇವರನ್ನು ನರ್ತಕಿಯರೆಂದೇ ತಿಳಿದಿದ್ದರು. ಇವರು ಮೈಸೂರು ಅರಮನೆಯವರು, ಬಲಗಡೆಯವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ, ಸೆರಗು ಸರಿಸಿ ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿದ ತೋಳನ್ನು ಎಂಬುದು ಇತಿಹಾಸಕಾರ ನಿಗೆಲ್ ಚಾನ್ಸೆಲರ್ ಅವರ ವಾದ. ಇಂಗ್ಲೆಂಡಿನ ವೈದ್ಯ ಜೆನ್ನರನ ಈ ಲಸಿಕೆ ಮುಂಬಯಿಗೆ ಬಂದು ಮೊದಲ ಮಗುವಿಗೆ ಹಾಕಿದ್ದು 1802ರಲ್ಲಿ. ಹಸುವಿನಿಂದ ಬಂದ ಮದ್ದು ಜನರಿಗೆ ಒಗ್ಗಬೇಕಾದರೆ ಅರಮನೆಯ ತೋಳೇ ಬೇಕಿತ್ತು. ಇದರಲ್ಲೂ ಈಸ್ಟ್ ಇಂಡಿಯಾ ಕಂಪನಿಯ ಪ್ರಚಾರ ಇದ್ದೇ ಇದೆ. ಆದರೂ ಜಾಫಾದ ಬರಿಗೈಗಿಂತ ಈ ತೋಳಿನ ಮೇಲೆ ನನಗೆ ಹೆಚ್ಚು ನಂಬಿಕೆ: ಸೂಜಿ ಚುಚ್ಚಿಸಿಕೊಂಡವಳು ಅವಳೇ.

ಯಜಮಾನರು ಭೂತಗನ್ನಡಿಯನ್ನು ಮೊಬೈಲಿನ ಮೇಲೇ ಹಿಡಿದು ನೋಡಿದರು. ಪಾತ್ರೆ ಎತ್ತಿಡುತ್ತಿದ್ದ ಅವರ ಹೆಂಡತಿಯೂ ಬಂದು ಬಗ್ಗಿದರು. ತಮ್ಮ ರವಿಕೆಯ ತೋಳು ಮೇಲೆ ಸರಿಸಿ ದಾಕು ಹಾಕಿದ ಎರಡು ಗುಂಡನೆ ಕಲೆ ತೋರಿಸಿ, “ಈ ರಾಣಿ ಪಾಪ ಎಷ್ಟು ಸುಮ್ಮನೆ ನಿಂತಿದ್ದಾಳೆ ನೋಡಿ” ಎಂದರು. “ದಾಕು ಹಾಕುವವರು ಬಂದ್ರು ಅಂತ ಗೊತ್ತಾದ ಕೂಡಲೇ ನಾನು ಅಟ್ಟ ಹತ್ತಿ ಕೂತಿದ್ದೆ. ಇಳಿಸಲಿಕ್ಕೆ ಮೂರು ಜನ ಬೇಕಾಯ್ತು.”